ದೆವ್ವದೂರಲ್ಲ, ತವರೂರು

ಜನ ಬಿಟ್ಟುಹೋದ ಊರಿಗೆ ‘ದೆವ್ವದೂರು’ ಎಂದು ಹೆಸರಿಡುವುದು ಒಂದು ಚಾಳಿಯಾಗಿಬಿಟ್ಟಿದೆ. ಭಾನುವಾರದ ಪುರವಣಿಗಳಲ್ಲಿ, ಪ್ರವಾಸದ ಪುಸ್ತಕಗಳಲ್ಲಿ, ಈಗ ಮಕ್ಕಳ ಕೈಯ ಮೊಬೈಲಿನಲ್ಲಿ ಈ ಹೆಸರು ಹೊತ್ತ ಊರುಗಳ ಮೆರವಣಿಗೆಯೇ ನಡೆದಿದೆ. ಅದರಲ್ಲಿ ಮೊದಲ ಸಾಲಿನದು ಮೆಡಿಟರೇನಿಯನ್ ಸಮುದ್ರದ ಸೈಪ್ರಸ್ ದ್ವೀಪದಲ್ಲಿರುವ ಫಮಗುಸ್ತಾ. ಅದರಲ್ಲೂ ಅದರ ವರೋಶಾ ಎಂಬ ಕಡಲತೀರದ ಬಡಾವಣೆ. ಗಾಜು ಒಡೆದ ಹೋಟೆಲುಗಳ ಸಾಲು, ಗೋಡೆ ಸೀಳಿಕೊಂಡು ಬೆಳೆದ ಗಿಡ, ಹಿನ್ನೆಲೆಯಲ್ಲಿ ಹೆದರಿಸುವ ಸಂಗೀತ. ನೋಡಿದವರು ‘ಅಬ್ಬಾ’ ಎನ್ನಬೇಕು, ಮುಂದಿನ ಚಿತ್ರಕ್ಕೆ ಹೋಗಬೇಕು, ಅಷ್ಟೆ.

ನನಗೆ ಈ ಹೆಸರಿನ ಮೇಲೆ ಸಿಟ್ಟಿದೆ. ದೆವ್ವವಾಗಬೇಕಾದರೆ ಮೊದಲು ಸಾಯಬೇಕು. ವರೋಶಾದ ಮನೆಗಳಲ್ಲಿ ಬಾಳಿ ಬದುಕಿದವರು ಸತ್ತುಹೋಗಿರಲಿಲ್ಲ. ಕೂಗಳತೆಗಿಂತ ಸ್ವಲ್ಪ ದೂರದಲ್ಲಿ, ದೆರಿನಿಯಾ ಎಂಬ ಪಕ್ಕದ ಊರಿನಲ್ಲಿ, ಮಹಡಿಯ ಮೇಲೆ ನಿಂತು ದುರ್ಬೀನು ಹಿಡಿದು ತಮ್ಮ ಮನೆ ಯಾವುದೆಂದು ಮಕ್ಕಳಿಗೆ ತೋರಿಸುತ್ತಿದ್ದರು. ಮನೆಯೊಡತಿ ಜೀವಂತವಾಗಿರುವಾಗ ಆಕೆಯ ಅಡುಗೆಮನೆಯನ್ನು ದೆವ್ವದ ಮನೆ ಎನ್ನಲು ಎಂಥ ನಾಲಿಗೆ ಬೇಕು, ನೀವೇ ಹೇಳಿ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳು. ಸೈಪ್ರಸ್ಸಿಗೆ ಹೋದವಳಲ್ಲ, ಹೋಗುವಷ್ಟು ಅನುಕೂಲವೂ ನನಗಿಲ್ಲ. ಆದರೆ ಗೋಡೆಯ ಭೂಪಟದಲ್ಲಿ ಕೋಲಿಟ್ಟು ಆ ದ್ವೀಪವನ್ನು ಎಷ್ಟೋ ಸಲ ತೋರಿಸಿದ್ದೇನೆ. ಟರ್ಕಿಯ ಕೆಳಗೆ, ಸಿರಿಯಾ ಲೆಬನಾನ್‌ಗಳ ಪಕ್ಕಕ್ಕೆ, ಪೂರ್ವಕ್ಕೆ ಉದ್ದನೆಯ ಬೆರಳು ಚಾಚಿಕೊಂಡು ಮಲಗಿದೆ ಅದು. ಆ ಬೆರಳಿನ ಬುಡದಲ್ಲಿ, ಪೂರ್ವದ ಕೊಲ್ಲಿಯಲ್ಲಿ ಫಮಗುಸ್ತಾ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಈಜಿಪ್ಟನ್ನು ಆಳುತ್ತಿದ್ದ ಎರಡನೆಯ ಟಾಲೆಮಿ ಇಲ್ಲೊಂದು ಊರು ಕಟ್ಟಿಸಿ ತನ್ನ ರಾಣಿ ಆರ್ಸಿನೋಯೆಯ ಹೆಸರಿಟ್ಟ. ಮೊದಲಿಗೆ ಹೆಣ್ಣಿನ ಹೆಸರಿನ ಊರು, ನೋಡಿ. ಆಮೇಲೆ ಗ್ರೀಕರು ಅದನ್ನು ಅಮ್ಮೋಖೋಸ್ತೋಸ್ ಎಂದರು. ‘ಮರಳಿನಲ್ಲಿ ಅಡಗಿದ್ದು’ ಎಂದು ಅದರ ಅರ್ಥ. ಟರ್ಕರು ಗಾಜಿಮಾವುಸಾ ಎಂದರು. ಗಾಜಿ ಎಂದರೆ ಯುದ್ಧ ಗೆದ್ದ ವೀರ. ಹೆಂಗಸಿನಿಂದ ಮರಳಿಗೆ, ಮರಳಿನಿಂದ ವೀರನಿಗೆ ಬಂತು ಊರಿನ ಹೆಸರು. ಅದರ ಚರಿತ್ರೆಯನ್ನು ಬರೆದವರೂ ಹಾಗೆಯೇ ಬರೆದರು.

1291ರಲ್ಲಿ ಪ್ಯಾಲೆಸ್ತೀನಿನ ತೀರದ ಏಕರ್ ಕೋಟೆ ಮುಸ್ಲಿಂ ಸೈನ್ಯದ ವಶವಾದಾಗ ಅಲ್ಲಿನ ಕ್ರೈಸ್ತ ವ್ಯಾಪಾರಿಗಳು ದೋಣಿ ಹತ್ತಿ ಫಮಗುಸ್ತಾಕ್ಕೆ ಬಂದರು. ನಿರಾಶ್ರಿತರಾಗಿ ಬಂದವರೇ ಊರನ್ನು ಶ್ರೀಮಂತ ಮಾಡಿದರು. ರೇಷ್ಮೆ, ಸಾಂಬಾರ ಪದಾರ್ಥ, ಸಕ್ಕರೆ ಎಲ್ಲಾ ಆ ಬಂದರಿನ ಮೂಲಕ ಯುರೋಪಿಗೆ ಹೋಗತೊಡಗಿತು. ಹದಿನಾಲ್ಕನೆಯ ಶತಮಾನದಲ್ಲಿ ಅಲ್ಲಿ ಕಟ್ಟಿದ ಸಂತ ನಿಕೊಲಾಸನ ದೊಡ್ಡ ಚರ್ಚಿನಲ್ಲಿ ಲೂಸಿನ್ಯಾನ್ ವಂಶದ ರಾಜರು ‘ಜೆರೂಸಲೆಮ್ಮಿನ ರಾಜ’ ಎಂದು ಕಿರೀಟ ಧರಿಸುತ್ತಿದ್ದರು. ಜೆರೂಸಲೆಮ್ ಅವರ ಕೈಬಿಟ್ಟು ಎಷ್ಟೋ ಕಾಲವಾಗಿತ್ತು. ಕಳೆದುಕೊಂಡ ಊರಿನ ಹೆಸರಿನಲ್ಲಿ ಕಿರೀಟ ಹಾಕಿಕೊಳ್ಳಲು ರಾಜರಿಗೆ ಯಾರೂ ಅಡ್ಡಿಮಾಡಲಿಲ್ಲ ಎನ್ನುವುದನ್ನು ನೆನಪಿಟ್ಟುಕೊಳ್ಳಿ. ಮುಂದೆ ಕಳೆದುಕೊಂಡ ಊರಿನ ಹೆಸರಿನಲ್ಲಿ ಒಂದು ಚೀಟಿ ಕೇಳಿದ ಹೆಂಗಸರಿಗೆ ಏನಾಯಿತೆಂದು ಹೇಳುತ್ತೇನೆ.

ಅದಕ್ಕೆ ಮೊದಲು ಕತೆರೀನಾ ಕೊರ್ನಾರೋ ಎಂಬ ಹುಡುಗಿಯ ಮಾತು. ವೆನಿಸ್ ನಗರದ ಶ್ರೀಮಂತರ ಮಗಳು, 1454ರಲ್ಲಿ ಹುಟ್ಟಿದವಳು. ಹದಿನಾಲ್ಕನೆಯ ವಯಸ್ಸಿಗೆ, 1468ರಲ್ಲಿ, ಸೈಪ್ರಸ್ಸಿನ ರಾಜ ಎರಡನೆಯ ಜೇಮ್ಸ್‌ನೊಂದಿಗೆ ಅವಳ ಮದುವೆಯಾಯಿತು. ವರ ಮಂಟಪಕ್ಕೆ ಬರಲೇ ಇಲ್ಲ, ಅವನ ಪರವಾಗಿ ಬೇರೆಯವರು ನಿಂತರು. ಆಗ ವೆನಿಸ್ ಸರ್ಕಾರ ಒಂದು ಉಪಾಯ ಮಾಡಿ ಅವಳನ್ನು ‘ಗಣರಾಜ್ಯದ ಮಗಳು’ ಎಂದು ದತ್ತು ತೆಗೆದುಕೊಂಡಿತು. ಅದನ್ನು ಪ್ರೀತಿ ಎಂದುಕೊಳ್ಳಬೇಡಿ. 1472ರಲ್ಲಿ ಅವಳು ಹಡಗಿನಲ್ಲಿ ಬಂದು ಫಮಗುಸ್ತಾದಲ್ಲಿ ಗಂಡನ ಮುಖ ನೋಡಿದಳು. ಮರುವರ್ಷ ಗಂಡ ಸತ್ತ. ಆಗ ಬಸುರಿಯಾಗಿದ್ದ ಅವಳಿಗೆ ಗಂಡು ಮಗು ಹುಟ್ಟಿತು. ವರ್ಷ ತುಂಬುವ ಹೊತ್ತಿಗೆ ಆ ಮಗುವೂ ತೀರಿಕೊಂಡಿತು. ಹೆಸರಿಗೆ ರಾಣಿ, ಸುತ್ತ ವೆನಿಸ್‌ನ ಅಧಿಕಾರಿಗಳ ಕಾವಲು. 1489ರಲ್ಲಿ ಒಡಹುಟ್ಟಿದ ಅಣ್ಣನನ್ನೇ ಕಳಿಸಿ, ಒತ್ತಾಯ ಮಾಡಿಸಿ, ರಾಜ್ಯವನ್ನು ವೆನಿಸ್‌ಗೆ ಬರೆಸಿಕೊಂಡರು. ‘ಮಗಳ’ ಆಸ್ತಿ ತವರಿಗೆ ಬಂತು! ಅವಳಿಗೆ ಆಸೋಲೋ ಎಂಬ ಬೆಟ್ಟದೂರನ್ನು ಕೊಟ್ಟು ಕೂರಿಸಿದರು. 1510ರಲ್ಲಿ ಅವಳು ತೀರಿಕೊಂಡಳು.

ಮಗಳಿಗೆ ತವರಿನ ಮೇಲೆ ಹಕ್ಕಿಲ್ಲ ಎಂಬ ಮಾತನ್ನು ನಾವೆಲ್ಲ ಕೇಳಿ ಬೆಳೆದವರು. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎನ್ನುವ ಗಾದೆ ಯಾರಿಗೆ ಗೊತ್ತಿಲ್ಲ? ಆದರೆ ಮಗಳ ಮೇಲೆ ತವರಿಗೆ ಹಕ್ಕು ಬೇಕಾದಾಗ, ಅವಳ ಕೈಯಲ್ಲಿ ಒಂದು ದ್ವೀಪವೇ ಇದ್ದಾಗ, ಗಾದೆ ತಲೆಕೆಳಗಾಗುತ್ತದೆ. ಫಮಗುಸ್ತಾದ ಚರಿತ್ರೆ ಬರೆದವರು ಇದನ್ನು ‘ವೆನಿಸ್‌ನ ರಾಜತಾಂತ್ರಿಕ ಜಾಣತನ’ ಎನ್ನುತ್ತಾರೆ. ಮನೆಮನೆಗಳಲ್ಲಿ ನಡೆಯುವಾಗ ಇದಕ್ಕೆ ನಾವು ಇಡುವ ಹೆಸರು ಬೇರೆ.

ಮುಂದಿನದು ಎಲ್ಲರಿಗೂ ಪ್ರಿಯವಾದ ಅಧ್ಯಾಯ. 1570ರಲ್ಲಿ ಆಟೋಮನ್ ಟರ್ಕರ ಸೈನ್ಯ ಬಂದು ಮುತ್ತಿಗೆ ಹಾಕಿತು. 1571ರ ಆಗಸ್ಟಿನಲ್ಲಿ ಕೋಟೆ ಶರಣಾಯಿತು. ಸೇನಾಪತಿ ಬ್ರಗಾದೀನನ ಚರ್ಮ ಸುಲಿದರು. ಆ ಚರ್ಮವನ್ನು ಇಂದಿಗೂ ವೆನಿಸ್‌ನ ಚರ್ಚೊಂದರಲ್ಲಿ ಇಟ್ಟುಕೊಂಡಿದ್ದಾರೆ. ದೊಡ್ಡ ಚರ್ಚು ಲಾಲಾ ಮುಸ್ತಫಾ ಪಾಷಾ ಮಸೀದಿಯಾಯಿತು. ಅದರ ಮುಂದೆ ಅತ್ತಿಯ ಜಾತಿಗೆ ಸೇರಿದ ಒಂದು ಮುದಿ ಮರವಿದೆ, ಏಳುನೂರು ವರ್ಷದ್ದೆಂದು ಹೇಳುತ್ತಾರೆ. ರಾಜರ ಮೆರವಣಿಗೆಗೂ ಮಸೀದಿಗೆ ಬರುವವರಿಗೂ ಅದು ಒಂದೇ ನೆರಳು ಕೊಟ್ಟಿದೆ. ಬಂದರಿನ ಬಳಿಯ ಕೋಟೆಗೆ ‘ಒಥೆಲೋ ಗೋಪುರ’ ಎಂದು ಹೆಸರು. ಶೇಕ್ಸ್‌ಪಿಯರನ ‘ಒಥೆಲೋ’ ನಾಟಕದ ಬಹುಭಾಗ ನಡೆಯುವುದು ಸೈಪ್ರಸ್ಸಿನ ಬಂದರೂರಿನಲ್ಲಿ ಎಂಬ ನೆವದಿಂದ ಬಂದ ಹೆಸರು ಅದು. ಏನೂ ತಪ್ಪು ಮಾಡದ ಡೆಸ್ಡಿಮೋನಾಳನ್ನು ಮಲಗುವ ಮನೆಯಲ್ಲಿ ಉಸಿರುಗಟ್ಟಿಸಿ ಕೊಂದವನ ಹೆಸರು ಗೋಪುರಕ್ಕೆ! ಪ್ರವಾಸಿಗಳು ಅದರ ಮುಂದೆ ನಗುತ್ತಾ ಫೋಟೋ ತೆಗೆಸಿಕೊಳ್ಳುತ್ತಾರೆ.

ಟರ್ಕರು ಗೆದ್ದ ಮೇಲೆ ಕ್ರೈಸ್ತರು ಕೋಟೆಯೊಳಗೆ ವಾಸಿಸುವಂತಿರಲಿಲ್ಲ. ಅವರು ಗೋಡೆಯ ಹೊರಗೆ, ದಕ್ಷಿಣಕ್ಕೆ, ಮರಳು ನೆಲದಲ್ಲಿ ತೋಟ ಮಾಡಿಕೊಂಡು ಕೂತರು. ಹೊರಗೆ ಹಾಕಿಸಿಕೊಂಡವರ ಆ ಬಡಾವಣೆಯೇ ವರೋಶಾ. 1878ರಲ್ಲಿ ದ್ವೀಪ ಬ್ರಿಟಿಷರ ಕೈಗೆ ಬಂತು. ಗಾಳಿಯಂತ್ರಗಳಿಂದ ಬಾವಿಯ ನೀರೆತ್ತಿ ವರೋಶಾದವರು ಕಿತ್ತಳೆ ಬೆಳೆದರು. 1960ರಲ್ಲಿ ಸೈಪ್ರಸ್ ಸ್ವತಂತ್ರವಾದ ಮೇಲೆ ಬಂದರು ಬೆಳೆಯಿತು, ಕಡಲ ದಂಡೆಗೆ ಹತ್ತು ಹನ್ನೆರಡು ಮಹಡಿಯ ಹೋಟೆಲುಗಳು ಬಂದವು, ಯುರೋಪಿನ ಪ್ರವಾಸಿಗಳು ಬಂದರು. ಗೋಡೆಯೊಳಗೆ ಟರ್ಕಿಶ್ ಸೈಪ್ರಿಯಟ್ಟರು, ಗೋಡೆಯ ಹೊರಗೆ ಗ್ರೀಕ್ ಸೈಪ್ರಿಯಟ್ಟರು. ಅಡುಗೆ ಮಾತ್ರ ಹೆಚ್ಚುಕಡಿಮೆ ಒಂದೇ. ಅದರ ಮಾತು ಆಮೇಲೆ.

ಸ್ವಾತಂತ್ರ್ಯ ಬಂದು ಮೂರು ವರ್ಷ ಕಳೆದಿತ್ತು, 1963ರ ಡಿಸೆಂಬರಿನಲ್ಲಿ ಎರಡು ಜನಾಂಗಗಳ ನಡುವೆ ರಕ್ತ ಹರಿಯಿತು. ಸಂಖ್ಯೆಯಲ್ಲಿ ಕಡಿಮೆಯಿದ್ದ ಟರ್ಕಿಶ್ ಸೈಪ್ರಿಯಟ್ಟರಲ್ಲಿ ಸುಮಾರು 25,000 ಮಂದಿ ತಮ್ಮ ಹಳ್ಳಿಗಳನ್ನು ಬಿಟ್ಟು ಕೋಟೆಯೊಳಗೆ, ಕೇರಿಗಳೊಳಗೆ ಒತ್ತೊತ್ತಾಗಿ ಸೇರಿಕೊಂಡರು. 1964ರ ಮಾರ್ಚಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆ ಬಂತು. ಇಲ್ಲಿ ನಮ್ಮವರೊಬ್ಬರನ್ನು ನೆನೆಯಬೇಕು. ಆ ವರ್ಷವೇ ಪಡೆಯ ಮುಖ್ಯಸ್ಥರಾಗಿ ಹೋದವರು ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ.ಎಸ್. ತಿಮ್ಮಯ್ಯನವರು. 1965ರ ಡಿಸೆಂಬರ್ 18ರಂದು ಕೆಲಸದಲ್ಲಿದ್ದಾಗಲೇ ಹೃದಯಾಘಾತವಾಗಿ ಅವರು ಸೈಪ್ರಸ್ಸಿನಲ್ಲಿ ತೀರಿಕೊಂಡರು. ಆ ದೇಶ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಮಡಿಕೇರಿಯಲ್ಲಿ ಅವರ ಮನೆ ‘ಸನ್ನಿ ಸೈಡ್’ 2021ರಲ್ಲಿ ವಸ್ತುಸಂಗ್ರಹಾಲಯವಾಗಿದೆ. ‘ಎಲ್ಲಿಯ ಸೈಪ್ರಸ್, ಎಲ್ಲಿಯ ನಾವು’ ಎನ್ನುವವರು ಅಲ್ಲಿಗೊಮ್ಮೆ ಹೋಗಿಬರಲಿ. ಕೊಡಗಿನ ಮನೆಯ ಮಗ ಪ್ರಾಣ ಬಿಟ್ಟಿದ್ದು ಆ ಜಗಳ ಬಿಡಿಸುವ ಕೆಲಸದಲ್ಲಿ.

ಜಗಳ ಬಗೆಹರಿಯಲಿಲ್ಲ. 1974ರ ಜುಲೈ 15ರಂದು ಗ್ರೀಸಿನ ಸೈನಿಕ ಸರ್ಕಾರದ ಬೆಂಬಲದಿಂದ ಸೈಪ್ರಸ್ಸಿನಲ್ಲಿ ಕ್ಷಿಪ್ರಕ್ರಾಂತಿ ನಡೆದು ಅಧ್ಯಕ್ಷ ಮಕಾರಿಯೋಸ್ ಪದಚ್ಯುತರಾದರು. ಐದು ದಿನಗಳ ನಂತರ, ಜುಲೈ 20ರಂದು, ಟರ್ಕಿಯ ಸೈನ್ಯ ಬಂದಿಳಿಯಿತು. ಆಗಸ್ಟ್ 14ರಂದು ಎರಡನೆಯ ದಾಳಿ. ಆಕಾಶದಿಂದ ಬಾಂಬು ಬೀಳುತ್ತಿದ್ದಂತೆ ವರೋಶಾದವರು ಕಾರು, ಲಾರಿ, ಟ್ರ್ಯಾಕ್ಟರು, ಸಿಕ್ಕಿದ್ದನ್ನು ಹತ್ತಿ ಓಡಿದರು. ಸುಮಾರು 39,000 ಜನ ಎಂದು ಲೆಕ್ಕ. ಎರಡು ಮೂರು ದಿನದಲ್ಲಿ ವಾಪಸಾಗುತ್ತೇವೆ ಎಂದುಕೊಂಡು ಬೀಗ ಹಾಕಿ ಹೊರಟವರು ಅವರು. ಸೈನ್ಯ ಬಡಾವಣೆಯ ಸುತ್ತ ಮುಳ್ಳುತಂತಿ ಎಳೆಯಿತು. 1977ರಲ್ಲಿ ಅದನ್ನು ನೋಡಿದ ಸ್ವೀಡನ್ನಿನ ಪತ್ರಕರ್ತನೊಬ್ಬ ಬರೆದ: ಮೇಜಿನ ಮೇಲೆ ಬೆಳಗಿನ ತಿಂಡಿಯ ತಟ್ಟೆಗಳು ಹಾಗೆಯೇ ಇವೆ, ತಂತಿಯ ಮೇಲೆ ಒಗೆದ ಬಟ್ಟೆ ಇನ್ನೂ ನೇತಾಡುತ್ತಿದೆ, ಕೆಲವು ದೀಪಗಳು ಉರಿಯುತ್ತಲೇ ಇವೆ. ‘ದೆವ್ವದೂರು’ ಎಂಬ ಮಾತು ಜಗತ್ತಿಗೆ ಹಬ್ಬಿದ್ದು ಆ ಕಾಲದಲ್ಲಿಯೇ.

ಅದೇ ವಿವರವನ್ನು ನಾವು ಓದೋಣ. ಒಗೆದ ಬಟ್ಟೆಯನ್ನು ತಂತಿಯ ಮೇಲೆ ಹಾಕಿದವರು ಯಾರು? ತಟ್ಟೆ ಜೋಡಿಸಿದವರು ಯಾರು? ಸೇನಾಪತಿಯಲ್ಲ, ಮಂತ್ರಿಯಲ್ಲ. ಬೆಳಗ್ಗೆ ಎದ್ದು ಬಟ್ಟೆ ಒಗೆದು ಹರವಿ, ಒಣಗುವುದರೊಳಗೆ ಓಡಬೇಕಾಗಿ ಬಂದ ಹೆಂಗಸು. ವೀರರ ಚರಿತ್ರೆಯಲ್ಲಿ ಎಲ್ಲೂ ಸಿಗದ ಅವಳ ಕೆಲಸ, ಅವಳು ಊರು ಬಿಟ್ಟ ಮೇಲೆ ಕೌತುಕವಾಗಿ ಸುದ್ದಿಗೆ ಬಂತು. ಅಷ್ಟಾದರೂ ಅವಳನ್ನು ಯಾರೂ ಕೇಳಲಿಲ್ಲ.

ಕೇಳಿದ್ದರೆ ಬೇಕಾದಷ್ಟು ಹೇಳುತ್ತಿದ್ದಳು. ಒಂದೂವರೆ ಲಕ್ಷಕ್ಕೂ ಹೆಚ್ಚು ಗ್ರೀಕ್ ಸೈಪ್ರಿಯಟ್ಟರು ದಕ್ಷಿಣಕ್ಕೆ ಓಡಿದರು. ನಲವತ್ತು ಸಾವಿರಕ್ಕೂ ಹೆಚ್ಚು ಟರ್ಕಿಶ್ ಸೈಪ್ರಿಯಟ್ಟರು ಉತ್ತರಕ್ಕೆ ಬಂದರು. ಆಕ್ರಮಣದ ಕಾಲದಲ್ಲಿ ಹೆಂಗಸರ ಮೇಲೆ ಅತ್ಯಾಚಾರಗಳಾದವೆಂದು ಯುರೋಪಿನ ಮಾನವ ಹಕ್ಕುಗಳ ಆಯೋಗವೇ 1976ರ ವರದಿಯಲ್ಲಿ ಹೇಳಿತು. ಫಮಗುಸ್ತಾಕ್ಕೆ ಹತ್ತಿರದ ಮರಾಥಾ, ಸಂತಲಾರಿಸ್, ಅಲೋಡಾ ಎಂಬ ಮೂರು ಹಳ್ಳಿಗಳಲ್ಲಿ ಗ್ರೀಕ್ ಸೈಪ್ರಿಯಟ್ ಬಂದೂಕುಧಾರಿಗಳು 126 ಟರ್ಕಿಶ್ ಸೈಪ್ರಿಯಟ್ಟರನ್ನು ಕೊಂದು ಹೂಳಿದರು. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಒಂದು ಪಕ್ಷದ ದುಃಖವನ್ನು ಮಾತ್ರ ಹೇಳುವವರನ್ನು ನಾನು ನಂಬುವುದಿಲ್ಲ, ನೀವೂ ನಂಬಬೇಡಿ. ಕಾಣೆಯಾದವರ ಪಟ್ಟಿಯಲ್ಲಿ ಎರಡೂ ಕಡೆಯ 2,002 ಜನರ ಹೆಸರಿತ್ತು. ಮಗನ ಫೋಟೋ ಎದೆಗೆ ಹಿಡಿದು ತಾಯಂದಿರು ಗಡಿಯ ಬಾಗಿಲಲ್ಲಿ ವರ್ಷಗಟ್ಟಲೆ ನಿಂತರು. 1981ರಲ್ಲಿ ಎರಡೂ ಕಡೆಯವರು ಸೇರಿ ಒಂದು ಸಮಿತಿ ಮಾಡಿಕೊಂಡರು; 2006ರಿಂದ ನೆಲ ಅಗೆದು ಮೂಳೆ ಹುಡುಕಿ ಅರ್ಧಕ್ಕಿಂತ ಹೆಚ್ಚು ಮಂದಿಯ ಗುರುತು ಹಚ್ಚಿದ್ದಾರೆ. ಆ ಗುಂಡಿಗಳ ಜಾಗ ತಿಳಿಸಿ ಎಂದು ಪತ್ರಿಕೆಯಲ್ಲಿ ಬರೆದೂ ಬರೆದೂ, ಬೆದರಿಕೆಗಳಿಗೆ ಜಗ್ಗದೆ ಎರಡೂ ಜನಾಂಗದವರ ಬಾಯಿ ಬಿಡಿಸಿದವಳು ಸೆವ್‌ಗುಲ್ ಉಲುದಾ ಎಂಬ ಟರ್ಕಿಶ್ ಸೈಪ್ರಿಯಟ್ ಪತ್ರಕರ್ತೆ. 2008ರಲ್ಲಿ ಅವಳಿಗೆ ಧೈರ್ಯದ ಪತ್ರಿಕೋದ್ಯಮಕ್ಕಾಗಿ ಅಂತಾರಾಷ್ಟ್ರೀಯ ಪ್ರಶಸ್ತಿ ಬಂತು. ಗಾಜಿ ಎನ್ನುವುದಾದರೆ ಇಂಥವಳನ್ನು ಎನ್ನಬೇಕು.

ಈಗ ನನ್ನ ಸಿಟ್ಟಿನ ಮುಖ್ಯ ಕಾರಣಕ್ಕೆ ಬರುತ್ತೇನೆ. ಹೊರಗಿನವರು ‘ದೆವ್ವದೂರು’ ಎಂದರು, ಅದು ಸರಿ. ಒಳಗಿನವರು ಏನು ಮಾಡಿದರು?

ಊರು ಕಳೆದುಕೊಂಡವರಿಗೆ ಸೈಪ್ರಸ್ ಸರ್ಕಾರ ಒಂದು ನಿರಾಶ್ರಿತರ ಚೀಟಿ ಕೊಟ್ಟಿತು. ಚೀಟಿ ಇದ್ದರೆ ಮನೆ ಕಟ್ಟಲು ಸಹಾಯಧನ, ಇತರ ಸವಲತ್ತು. ಅವರ ಮಕ್ಕಳಿಗೂ ಚೀಟಿ ಸಿಗುತ್ತಿತ್ತು. ಆದರೆ ಯಾರ ಮಕ್ಕಳಿಗೆ? ಅಪ್ಪ ನಿರಾಶ್ರಿತನಾಗಿದ್ದರೆ ಮಾತ್ರ. ಅಮ್ಮ ಒಬ್ಬಳೇ ಊರು ಕಳೆದುಕೊಂಡವಳಾಗಿದ್ದರೆ ಮಕ್ಕಳಿಗಿಲ್ಲ! ವರೋಶಾದ ಅಣ್ಣ ತಂಗಿ ಇಬ್ಬರೂ ಒಂದೇ ಲಾರಿಯಲ್ಲಿ ಓಡಿಬಂದರು ಎಂದುಕೊಳ್ಳಿ. ಇಬ್ಬರೂ ದಕ್ಷಿಣದ ಊರಿನವರನ್ನು ಮದುವೆಯಾದರು. ಅಣ್ಣನ ಮಕ್ಕಳು ಫಮಗುಸ್ತಾದವರು, ತಂಗಿಯ ಮಕ್ಕಳು ಅಲ್ಲ. ಊರು ತಂದೆಯ ರಕ್ತದಲ್ಲಿ ಹರಿಯುತ್ತದಂತೆ, ತಾಯಿಯ ಹಾಲಿನಲ್ಲಿ ಹರಿಯುವುದಿಲ್ಲವಂತೆ. ನಮ್ಮ ಗಾದೆಯನ್ನು ಅವರು ಕಾನೂನು ಮಾಡಿಕೊಂಡಿದ್ದರು.

ಹೀಗೆ ಚೀಟಿ ಸಿಗದ ಒಬ್ಬ ಹೆಣ್ಣುಮಗಳು ತನ್ನ ದೇಶದ ನ್ಯಾಯಾಲಯಗಳಲ್ಲಿ ಸೋತು, 2006ರಲ್ಲಿ ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ದೂರು ಕೊಟ್ಟಳು. ಸರ್ಕಾರದ ವಕೀಲರು ಬೊಕ್ಕಸದಲ್ಲಿ ಹಣ ಸಾಲದೆಂಬ ಮಾತನ್ನೂ ಮುಂದಿಟ್ಟರು. ಬೊಕ್ಕಸದ ನೆವದಿಂದ ಹೆಣ್ಣು ಗಂಡೆಂಬ ಭೇದ ಮಾಡುವಂತಿಲ್ಲ ಎಂದು ನ್ಯಾಯಾಲಯ 2015ರ ಅಕ್ಟೋಬರ್ 13ರಂದು ತೀರ್ಪು ಕೊಟ್ಟಿತು. ಅದಕ್ಕೆ ಎರಡು ವರ್ಷ ಮೊದಲು, 2013ರಲ್ಲಿ, ತಾಯಿಯ ಕಡೆಯ ಮಕ್ಕಳಿಗೂ ಮನೆಯ ಸಹಾಯ ಕೊಡುವಂತೆ ನಿಯಮ ಬದಲಾಗಿತ್ತು. ಮೂವತ್ತೊಂಬತ್ತು ವರ್ಷ ಬೇಕಾಯಿತು! ಅಷ್ಟರಲ್ಲಿ ಎಷ್ಟು ತಾಯಂದಿರು ತಮ್ಮ ಮಕ್ಕಳ ಮುಂದೆ ಊರಿಲ್ಲದವರಾಗಿಯೇ ಕಣ್ಣು ಮುಚ್ಚಿರಬೇಕು.

‘ಹಣ ಕಡಿಮೆ ಇದ್ದಾಗ ಎಲ್ಲೋ ಒಂದು ಕಡೆ ಗೆರೆ ಎಳೆಯಬೇಕಲ್ಲ’ ಎಂದು ನಮ್ಮ ಸಹೋದ್ಯೋಗಿ ಮೇಷ್ಟ್ರೊಬ್ಬರು ನನ್ನೊಂದಿಗೆ ವಾದಿಸಿದರು. ಎಳೆಯಲಿ. ಬಡವರಿಗೆ ಮೊದಲು, ಉಳ್ಳವರಿಗೆ ಆಮೇಲೆ ಎಂದು ಎಳೆಯಬಹುದಿತ್ತು. ಮನೆಯಿಲ್ಲದವರಿಗೆ ಮೊದಲು ಎಂದು ಎಳೆಯಬಹುದಿತ್ತು. ಗೆರೆ ಎಳೆಯುವ ಪ್ರಸಂಗ ಬಂದಾಗಲೆಲ್ಲ ಪೆನ್ಸಿಲು ತಾನಾಗಿ ಹೆಂಗಸಿನ ಕಾಲಬುಡಕ್ಕೇ ಏಕೆ ಬರುತ್ತದೆ ಎನ್ನುವುದು ನನ್ನ ಪ್ರಶ್ನೆ. ಮೇಷ್ಟ್ರು ಅದಕ್ಕೆ ಉತ್ತರ ಕೊಡಲಿಲ್ಲ.

ಇದಕ್ಕಿಂತ ವಿಚಿತ್ರವಾದ ಇನ್ನೊಂದು ಮೊಕದ್ದಮೆ ಇದೆ. ತಿತೀನಾ ಲೊಯಿಝಿದೂ ಎಂಬಾಕೆ ಉತ್ತರ ತೀರದ ಕಿರೀನಿಯಾ ಊರಿನಲ್ಲಿ ಬೆಳೆದವಳು. 1972ರಲ್ಲಿ ಮದುವೆಯಾಗಿ ಗಂಡನೊಂದಿಗೆ ರಾಜಧಾನಿ ನಿಕೋಸಿಯಾಕ್ಕೆ ಹೋದಳು. ಎರಡು ವರ್ಷದಲ್ಲಿ ಕಿರೀನಿಯಾ ಸೈನ್ಯದ ಕೈಗೆ ಹೋಯಿತು, ಅಲ್ಲಿದ್ದ ಅವಳ ನಿವೇಶನಗಳೂ ಹೋದವು. ‘ಹೆಂಗಸರು ಮನೆಗೆ ನಡೆಯುತ್ತಾರೆ’ ಎಂಬ ಚಳವಳಿ 1975ರಲ್ಲೇ ಶುರುವಾಗಿತ್ತು. ಬಂದೂಕಿಲ್ಲ, ಮಂತ್ರಿಗಳಿಲ್ಲ, ಬರೀ ಹೆಂಗಸರು ಗಡಿಯ ಕಡೆಗೆ ನಡೆದು ‘ನಮ್ಮ ಮನೆಗೆ ಹೋಗುತ್ತೇವೆ’ ಎನ್ನುವುದು. 1989ರ ಮಾರ್ಚಿನ ನಡಿಗೆಯಲ್ಲಿ ತಿತೀನಾಳೂ ಗೆರೆ ದಾಟಿದಳು, ಬಂಧನಕ್ಕೊಳಗಾದಳು. ಸ್ಟ್ರಾಸ್‌ಬರ್ಗಿನಲ್ಲಿ ಟರ್ಕಿಯ ಮೇಲೆ ಮೊಕದ್ದಮೆ ಹೂಡಿದಳು. 1996ರ ಡಿಸೆಂಬರ್ 18ರಂದು ಗೆದ್ದಳು. ಆಸ್ತಿಯ ಹಕ್ಕು ಇನ್ನೂ ಆಕೆಯದೇ ಎಂದು ನ್ಯಾಯಾಲಯ ಹೇಳಿತು. 1998ರಲ್ಲಿ ಪರಿಹಾರ ವಿಧಿಸಿತು, 2003ರ ಕೊನೆಯಲ್ಲಿ ಟರ್ಕಿ ಅದನ್ನು ಕಟ್ಟಿತು. ಒಬ್ಬ ಹೆಂಗಸು ಒಂದು ಸೈನ್ಯದಿಂದ ದಂಡ ವಸೂಲಿ ಮಾಡಿದ ಈ ಕತೆಯನ್ನು ನಾನು ತರಗತಿಯಲ್ಲಿ ಹೆಮ್ಮೆಯಿಂದ ಹೇಳುತ್ತೇನೆ.

ಆದರೆ ಅದೇ ತೀರ್ಪಿನೊಳಗೆ ಒಂದು ಮುಳ್ಳಿದೆ. ಕಿರೀನಿಯಾ ನನ್ನ ಮನೆ ಎಂದೂ ಅವಳು ಕೇಳಿದ್ದಳು. ಆ ಮಾತನ್ನು ನ್ಯಾಯಾಲಯ ಒಪ್ಪಲಿಲ್ಲ. ಬೆಳೆದ ಊರು, ಮನೆತನದ ಬೇರಿರುವ ಊರು ಆಗಿರಬಹುದು, ಆದರೆ ಈಗ ವಾಸವಿಲ್ಲದ ಜಾಗವನ್ನು ಕಾನೂನಿನ ಅರ್ಥದಲ್ಲಿ ‘ಮನೆ’ ಎನ್ನಲಾಗದು ಎಂದಿತು. ನಿವೇಶನ ನಿನ್ನದು, ಮನೆ ಮಾತ್ರ ನಿನ್ನದಲ್ಲ! ಕಾನೂನು ಓದಿದವರಿಗೆ ಇದು ಸರಿಯೆಂದೇ ಕಾಣಬಹುದು. ಪದಗಳಿಗೆ ಗಡಿ ಬೇಕು ಎನ್ನುತ್ತಾರೆ. ಒಪ್ಪೋಣ. ಆದರೆ ಹುಟ್ಟಿ ಬೆಳೆದು, ಬೇರೆ ಕಡೆ ಬಾಳುವೆ ಮಾಡುತ್ತಾ, ಆದರೂ ತನ್ನದೆಂದು ಎಣಿಸುವ ಮನೆಗೆ ಕನ್ನಡದಲ್ಲಿ ಒಂದು ಪದವಿದೆ, ತವರು. ಗಂಡಸರಿಗೆ ಈ ಪದದ ಅಗತ್ಯ ಅಷ್ಟಾಗಿ ಬೀಳುವುದಿಲ್ಲ, ಅವರು ಹುಟ್ಟಿದ ಮನೆಯಲ್ಲೇ ಉಳಿಯುವವರು. ಸ್ಟ್ರಾಸ್‌ಬರ್ಗಿನ ಭಾಷೆಯಲ್ಲಿ ಈ ಪದವಿಲ್ಲದ್ದರಿಂದ ಕೋಟ್ಯಂತರ ಹೆಂಗಸರ ಅನುಭವಕ್ಕೆ ಕಾನೂನಿನಲ್ಲಿ ಜಾಗವಿಲ್ಲದಂತಾಯಿತು.

ಇಂದಿನ ಫಮಗುಸ್ತಾ ಹೇಗಿದೆ? ಊರಿಗೆ ಎರಡು ಪುರಸಭೆ. ಒಂದು ಅಲ್ಲೇ, ಟರ್ಕಿಶ್ ಸೈಪ್ರಿಯಟ್ಟರದು. ಇನ್ನೊಂದು ದಕ್ಷಿಣದಲ್ಲಿ, ಊರಿಲ್ಲದವರು ಆರಿಸಿದ ಮೇಯರನ್ನಿಟ್ಟುಕೊಂಡು. ಊರಿನ ಹೆಸರಿನ ಫುಟ್‌ಬಾಲ್ ತಂಡ ಲಾರ್ನಕಾದಲ್ಲಿ ಆಡುತ್ತದೆ. ಕೋಟೆಯ ಸುತ್ತಮುತ್ತ ದಕ್ಷಿಣದಿಂದ ಬಂದ ಟರ್ಕಿಶ್ ಸೈಪ್ರಿಯಟ್ಟರು, ಟರ್ಕಿಯಿಂದ ಬಂದು ನೆಲೆಸಿದವರು, ದೊಡ್ಡ ವಿಶ್ವವಿದ್ಯಾಲಯಕ್ಕೆ ಆಫ್ರಿಕಾ ಏಷ್ಯಾಗಳಿಂದ ಬಂದ ವಿದ್ಯಾರ್ಥಿಗಳು ಬದುಕುತ್ತಿದ್ದಾರೆ. 1983ರಲ್ಲಿ ಘೋಷಿಸಿಕೊಂಡ ಅವರ ಪ್ರತ್ಯೇಕ ರಾಷ್ಟ್ರವನ್ನು ಟರ್ಕಿಯೊಂದನ್ನು ಬಿಟ್ಟರೆ ಯಾರೂ ಒಪ್ಪಿಲ್ಲ. ಹಾಗಾಗಿ ವಿಮಾನ ಹತ್ತಿದರೆ ಟರ್ಕಿಯ ಮೂಲಕವೇ ಹೋಗಬೇಕು. ಕೈಯಲ್ಲಿರುವುದು ಬೆಲೆ ಕುಸಿಯುತ್ತಿರುವ ಟರ್ಕಿಯ ಲೀರಾ. ಆ ಹೆಂಗಸರೂ ಸುಖವಾಗಿದ್ದಾರೆ ಎನ್ನುವಂತಿಲ್ಲ. ಅವರಲ್ಲೂ ಎಷ್ಟೋ ಮಂದಿಯ ತವರು ಗೆರೆಯ ಆಚೆಗಿದೆ, ಪಾಫೋಸ್ ಲಿಮಸೋಲ್‌ಗಳ ಹಳ್ಳಿಗಳಲ್ಲಿ.

2003ರ ಏಪ್ರಿಲಿನಲ್ಲಿ ಗಡಿಯ ಬಾಗಿಲು ತೆರೆದಾಗ ಎರಡೂ ಕಡೆಯವರು ಸಾಲುಗಟ್ಟಿ ಹಳೆಯ ಮನೆ ನೋಡಲು ಹೋದರು. ವರೋಶಾದವರಿಗೆ ಆ ಭಾಗ್ಯವೂ ಇರಲಿಲ್ಲ, ಬೇಲಿ ಹಾಗೆಯೇ ಇತ್ತು. 2004ರಲ್ಲಿ ದ್ವೀಪವನ್ನು ಒಂದು ಮಾಡುವ ಯೋಜನೆಯನ್ನು ಟರ್ಕಿಶ್ ಸೈಪ್ರಿಯಟ್ಟರಲ್ಲಿ ಶೇಕಡಾ 65ರಷ್ಟು ಜನ ಒಪ್ಪಿದರು, ಗ್ರೀಕ್ ಸೈಪ್ರಿಯಟ್ಟರಲ್ಲಿ ಶೇಕಡಾ 76ರಷ್ಟು ಜನ ಬೇಡವೆಂದರು. 2020ರ ಅಕ್ಟೋಬರಿನಲ್ಲಿ ವರೋಶಾದ ಒಂದು ಭಾಗವನ್ನು ತೆರೆದರು. ತೆರೆದದ್ದು ಮನೆಯವರಿಗಲ್ಲ, ನೋಡುಗರಿಗೆ! ರಸ್ತೆಗೆ ಹೊಸ ಡಾಂಬರು, ಬಾಡಿಗೆಗೆ ಸೈಕಲ್ಲು, ಕಡಲ ದಂಡೆಗೆ ಕೊಡೆ ಕುರ್ಚಿ. ಮನೆಗಳ ಮುಂದೆ ಹಗ್ಗ, ‘ಒಳಗೆ ಹೋಗಬಾರದು’ ಎಂಬ ಫಲಕ. ಐವತ್ತು ವರ್ಷದ ಹಿಂದೆ ಬಟ್ಟೆ ಹರವಿದ್ದವಳು ಈಗ ಎಂಬತ್ತರ ಮುದುಕಿಯಾಗಿ ಬಂದರೆ ಹಗ್ಗದ ಈಚೆ ನಿಂತು ತನ್ನ ಬಾಗಿಲು ನೋಡಬೇಕು. ಪಕ್ಕದಲ್ಲಿ ಪ್ರವಾಸಿ ಹುಡುಗ ಸೈಕಲ್ಲು ನಿಲ್ಲಿಸಿ ಆ ಬಾಗಿಲ ಮುಂದೆಯೇ ಫೋಟೋ ತೆಗೆದುಕೊಳ್ಳುತ್ತಿರುತ್ತಾನೆ. ಊರಿನ ಮೂಲ ನಿವಾಸಿಗಳನ್ನು ಬಿಟ್ಟು ಬೇರೆಯವರನ್ನು ಅಲ್ಲಿ ಕೂರಿಸುವುದು ಸಲ್ಲದು ಎಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1984ರಲ್ಲೇ 550ನೆಯ ನಿರ್ಣಯದಲ್ಲಿ ಹೇಳಿದೆ. ನಿರ್ಣಯ ಕಡತದಲ್ಲಿದೆ.

ಅಡುಗೆಯ ಮಾತು ಹೇಳುತ್ತೇನೆಂದಿದ್ದೆ. ಫಮಗುಸ್ತಾ ಜಿಲ್ಲೆಯ ದಕ್ಷಿಣ ಭಾಗದ ಸೋತಿರಾ ಎಂಬಲ್ಲಿ ಕೊಲೊಕಾಸಿ ಬೆಳೆಯುತ್ತಾರೆ. ಅದು ಬೇರೇನೂ ಅಲ್ಲ, ನಮ್ಮ ಕೆಸುವಿನ ಗೆಡ್ಡೆ. ಸಿಪ್ಪೆ ತೆಗೆದ ಮೇಲೆ ತೊಳೆಯಬಾರದು, ಚಾಕುವಿನಿಂದ ನಯವಾಗಿ ಕತ್ತರಿಸದೆ ಸ್ವಲ್ಪ ಕೊಯ್ದು ಮುರಿಯಬೇಕು, ಇಲ್ಲದಿದ್ದರೆ ಲೋಳೆಯಾಗುತ್ತದೆ ಎನ್ನುತ್ತಾರೆ ಅಲ್ಲಿನ ಹೆಂಗಸರು. ಆಡು ಕುರಿಗಳ ಹಾಲಿನಿಂದ ಮಾಡಿ ಪುದೀನ ಹಾಕಿಡುವ ಅವರ ಚೀಸನ್ನು ಗ್ರೀಕರು ಹಲೂಮಿ ಎಂದರೆ ಟರ್ಕರು ಹೆಲಿಮ್ ಎನ್ನುತ್ತಾರೆ. 2021ರಲ್ಲಿ ಯುರೋಪಿಯನ್ ಒಕ್ಕೂಟ ಅದಕ್ಕೆ ಎರಡೂ ಹೆಸರುಗಳಲ್ಲಿ ಒಂದೇ ನೋಂದಣಿ ಮಾಡಿತು. ಗೆರೆಯ ಎರಡೂ ಕಡೆಯವರು ಅದನ್ನು ಮಾಡಬಹುದು, ಮಾರಬಹುದು. ಚೀಸಿನ ವಿಷಯದಲ್ಲಿ ಸಾಧ್ಯವಾದದ್ದು ಊರಿನ ವಿಷಯದಲ್ಲಿ ಏಕೆ ಸಾಧ್ಯವಿಲ್ಲ? ಎರಡು ಹೆಸರಿರಲಿ, ಊರು ಒಂದಿರಲಿ.

ಇದು ಬರಿಯ ಆಸೆಯ ಮಾತಲ್ಲ. ಒಥೆಲೋ ಗೋಪುರವನ್ನು ಎರಡೂ ಜನಾಂಗದವರ ಜಂಟಿ ಸಮಿತಿ ದುರಸ್ತಿ ಮಾಡಿ 2015ರಲ್ಲಿ ತೆರೆಯಿತು. 2018ರ ನವೆಂಬರಿನಲ್ಲಿ ದೆರಿನಿಯಾದಲ್ಲೂ ದಾಟುವ ದಾರಿ ಬಂತು. ವಾಸಿಯಾ ಮಾರ್ಕಿಡೆಸ್ ಎಂಬ ಚಿತ್ರ ನಿರ್ಮಾಪಕಿ ವರೋಶಾವನ್ನು ಎರಡೂ ಜನ ಕೂಡಿ ಬಾಳುವ, ಪರಿಸರಕ್ಕೆ ಹೊಂದುವ ನಗರವಾಗಿ ಮತ್ತೆ ಕಟ್ಟಬೇಕೆಂಬ ಯೋಜನೆ ಹಾಕಿಕೊಂಡಳು. ಬೇಲಿಯ ಆಚೆಯ ಟರ್ಕಿಶ್ ಸೈಪ್ರಿಯಟ್ ಹೆಣ್ಣುಮಕ್ಕಳೂ ಜೊತೆಗೂಡಿದರು. ಗಮನಿಸಿ, ವಾಸಿಯಾಳಿಗೆ ವರೋಶಾ ಬಂದದ್ದು ತಾಯಿಯಿಂದ. ತಾಯಿ ಆ ಊರಿನವಳು. ಚೀಟಿಯ ಹಳೆಯ ಲೆಕ್ಕದಲ್ಲಿ ತಾಯಿಯ ಊರು ಮಕ್ಕಳಿಗೆ ಬರುವುದೇ ಇಲ್ಲ!

ಆದ್ದರಿಂದ, ಗೆಳತಿಯರೇ, ಇನ್ನು ಮುಂದೆ ಯಾರಾದರೂ ವರೋಶಾದ ಚಿತ್ರ ತೋರಿಸಿ ‘ದೆವ್ವದೂರು’ ಎಂದರೆ ಸುಮ್ಮನೆ ತಲೆಯಾಡಿಸಬೇಡಿ. ಅದು ಜನರಿರುವ ಊರು. ಜನ ಬೇಲಿಯ ಹೊರಗಿದ್ದಾರೆ ಎಂದು ಹೇಳಿ. ಮಕ್ಕಳಿಗೆ ಮುತ್ತಿಗೆಯ ಇಸವಿಯ ಜೊತೆಗೆ ನಡಿಗೆಯ ಇಸವಿಯನ್ನೂ ಬಾಯಿಪಾಠ ಮಾಡಿಸಿ. 1571 ಗೊತ್ತಿರುವವರಿಗೆ 1975 ಗೊತ್ತಿರಲಿ, 2015 ಗೊತ್ತಿರಲಿ. ಇನ್ನು, ಹೆಣ್ಣಿಗೆ ಹುಟ್ಟಿದ ಊರಿನ ಮೇಲೆ ಹಕ್ಕೇನಿದೆ ಎಂದು ಯಾರಾದರೂ ಕೇಳಿದರೆ, ಮೂವತ್ತೊಂಬತ್ತು ವರ್ಷ ತಡಮಾಡಿ ಉತ್ತರಿಸಿದ ಆ ದೇಶದ ಹೆಸರು ಹೇಳಿ, ನಾವು ಅಷ್ಟು ಕಾಯುವುದಿಲ್ಲ ಎನ್ನಿ.